ಬಿಳಿ ರಕ್ತಕಣ ಹೆಚ್ಚಿದರೆ ಶಕ್ತಿ ಹೆಚ್ಚಿತೇ?

ಶ್ರೀಮಠದ ಆವರಣದಲ್ಲಿ ಉಚಿತ ಆರೋಗ್ಯ ತಪಾಸಣೆ ನಡೆದ ಒಂದು ದಿನ ಯುವಕರೊಬ್ಬರು ತಮ್ಮ ತಂದೆಯವರನ್ನು ಕರೆದುಕೊಂಡು ನಮ್ಮ ಬಳಿಗೆ ಬಂದರು. ತಂದೆಯವರಿಗೆ ಅರವತ್ತು ದಾಟಿತ್ತು. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಮತ್ತೆ ಅದು ಮರುಕಳಿಸಿದ್ದರಿಂದ ನಗರದ ಆಸ್ಪತ್ರೆಯೊಂದರಲ್ಲಿ ಇಮ್ಯುನೊಥೆರಪಿ ನಡೆಯುತ್ತಿತ್ತು. ಮಗ ರಕ್ತಪರೀಕ್ಷೆಯ ಹಾಳೆಯನ್ನು ನಮ್ಮ ಮುಂದಿಟ್ಟು ಸಂತೋಷದಿಂದಲೇ ಕೇಳಿದರು: “ಅಪ್ಪಾರ ರಕ್ತದಾಗ ಬಿಳಿ ಕಣ ಹದಿನಾಲ್ಕು ಸಾವಿರ ಆಗ್ಯಾವ್ರಿ. ಶಕ್ತಿ ಬಂದಂಗಾತಲ್ರಿ?”

ಅದೇ ಹಾಳೆಯ ಕೆಳಭಾಗದಲ್ಲಿ ಇನ್ನೊಂದು ಸಂಗತಿಯಿತ್ತು. ಯಕೃತ್ತಿನ ಕಿಣ್ವಗಳು ಇರಬೇಕಾದ ಮಿತಿಯ ಆರು ಪಟ್ಟು ಏರಿದ್ದವು. ಬೇರೆ ಏನನ್ನಾದರೂ ಸೇವಿಸುತ್ತಿರುವರೇ ಎಂದು ವಿಚಾರಿಸಿದೆವು. ಎರಡು ತಿಂಗಳಿಂದ ದಿನಕ್ಕೆರಡು ಬಾರಿ ಅಮೃತಬಳ್ಳಿಯ ಕಷಾಯ ಕೊಡುತ್ತಿದ್ದುದಾಗಿಯೂ, ಅದನ್ನು ಆಸ್ಪತ್ರೆಯಲ್ಲಿ ತಿಳಿಸಿಲ್ಲವೆಂದೂ ಮಗ ಹೇಳಿದರು. ಯಾರು ಬರೆದುಕೊಟ್ಟರೆಂದು ಕೇಳಿದಾಗ ಚೀಲದಿಂದ ಮಡಿಸಿದ ಹಳೆಯ ಚೀಟಿಯೊಂದನ್ನು ತೆಗೆದರು. ಅಕ್ಷರ ನಮ್ಮದೇ ಆಗಿತ್ತು. ನಾಲ್ಕು ವರ್ಷಗಳ ಹಿಂದೆ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಗೆಂದು ಬರೆದ ಚೀಟಿ ಅದು. ‘ರೋಗನಿರೋಧಕ ಶಕ್ತಿ ಹೆಚ್ಚಲು’ ಎಂದು ನಾವೇ ಕೆಳಗೆ ಬರೆದಿದ್ದೆವು. ಎಷ್ಟು ದಿನ, ಯಾವ ಸ್ಥಿತಿಯಲ್ಲಿ ಸೇವಿಸಬಾರದು ಎಂಬುದನ್ನು ಬರೆದಿರಲಿಲ್ಲ.

ಅಂದು ಬಿಟ್ಟುಹೋದದ್ದನ್ನು ಈಗಲಾದರೂ ವಿವರವಾಗಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಭಕ್ತರ ಮುಂದಿಡುತ್ತಿದ್ದೇವೆ. ಬಿಳಿ ರಕ್ತಕಣಗಳು ಕ್ಯಾನ್ಸರಿನೊಡನೆ ಹೋರಾಡುವುದು ನಿಜ. ಕೆಲವು ಬಿಳಿ ರಕ್ತಕಣಗಳು ಅದೇ ಕ್ಯಾನ್ಸರನ್ನು ಪೋಷಿಸುವುದೂ ಅಷ್ಟೇ ನಿಜ. ಈ ಎರಡನೆಯ ಸತ್ಯವನ್ನು ಅರಿಯದೆ ‘ಶಕ್ತಿ ಹೆಚ್ಚಿಸುವ’ ಮಾತನ್ನು ಆಡಬಾರದು.

ಒಂದೇ ಹೆಸರು, ಹಲವು ಕಾಯಕ

ಸಾಸಿವೆ ಕಾಳಿನಷ್ಟು, ಅಂದರೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಆರೋಗ್ಯವಂತರಿಗೆ ಸಾಮಾನ್ಯವಾಗಿ 4,000ದಿಂದ 11,000ದವರೆಗೆ ಬಿಳಿ ರಕ್ತಕಣಗಳಿರುತ್ತವೆ. ಇವೆಲ್ಲವೂ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಹೆಸರು ಒಂದೇ ಆದರೂ ಇವುಗಳ ಕಾಯಕ ಬೇರೆ ಬೇರೆ.

ಸಂಖ್ಯೆಯಲ್ಲಿ ಮುಂದಿರುವವು ನ್ಯೂಟ್ರೊಫಿಲ್‌ಗಳು. ನೂರಕ್ಕೆ ನಲವತ್ತರಿಂದ ಎಪ್ಪತ್ತು ಪಾಲು ಇವೇ. ಗಾಯವಾದೊಡನೆ ಮೊದಲು ಓಡಿಬಂದು ರೋಗಾಣುಗಳನ್ನು ನುಂಗಿ, ಅಲ್ಲಿಯೇ ಸಾಯುತ್ತವೆ. ನಾವು ಕೀವು ಎಂದು ಕರೆಯುವುದರಲ್ಲಿ ಬಹುಪಾಲು ಈ ಸತ್ತ ಕಣಗಳೇ. ಇವು ಅಲ್ಪಾಯುಷಿಗಳಾದ್ದರಿಂದ ಮಜ್ಜೆಯು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ಹೊಸ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತಲೇ ಇರಬೇಕಾಗುತ್ತದೆ.

ಎರಡನೆಯವು ಲಿಂಫೋಸೈಟ್‌ಗಳು; ನೂರಕ್ಕೆ ಇಪ್ಪತ್ತರಿಂದ ನಲವತ್ತು ಪಾಲು. ಇವುಗಳಲ್ಲಿ ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕೋಶಗಳು ಮೈಯ ಒಂದೊಂದು ಜೀವಕೋಶದ ಮೇಲ್ಮೈಯನ್ನೂ ತಡವಿ ನೋಡಿ, ಪರಕೀಯವಾದದ್ದು ಅಥವಾ ಕೆಟ್ಟದ್ದು ಕಂಡರೆ ಆ ಕೋಶವನ್ನೇ ಕೊಲ್ಲುತ್ತವೆ. ಕ್ಯಾನ್ಸರಿನ ವಿಷಯದಲ್ಲಿ ನಮ್ಮ ಮುಖ್ಯ ಭರವಸೆ ಈ ಟಿ ಕೋಶಗಳ ಮೇಲೆ.

ಮೂರನೆಯವು ಮೊನೊಸೈಟ್‌ಗಳು. ರಕ್ತದಲ್ಲಿ ಇವು ಕೆಲವೇ ಇದ್ದರೂ ಅಂಗಾಂಶದೊಳಗೆ ಹೊಕ್ಕು ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳಾಗುತ್ತವೆ. ಕಸವನ್ನು ನುಂಗುವುದು ಇವುಗಳ ಒಂದು ಕಾಯಕ. ಗಾಯ ಮಾಯಿಸುವುದು ಇನ್ನೊಂದು. ಈ ಎರಡನೆಯ ಕಾಯಕವನ್ನು ಓದುಗರು ನೆನಪಿನಲ್ಲಿಡಬೇಕು.

ಪಕ್ವವಾಗದ ಗಂಟು

ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಬುದದ ವರ್ಣನೆ ಬರುತ್ತದೆ. ಅಲ್ಲಿಯ ಒಂದು ಮಾತು ನಮ್ಮನ್ನು ವಿದ್ಯಾರ್ಥಿದೆಸೆಯಿಂದಲೂ ಕಾಡಿದೆ: ಅರ್ಬುದವು ಬಾವಿನಂತೆ ಪಕ್ವವಾಗುವುದಿಲ್ಲ. ಸುಶ್ರುತಾಚಾರ್ಯರು ಇದಕ್ಕೆ ಕಫ ಮತ್ತು ಮೇದಸ್ಸಿನ ಆಧಿಕ್ಯವನ್ನು ಕಾರಣವಾಗಿ ಹೇಳಿದರು. ಬಿಳಿ ರಕ್ತಕಣಗಳ ಪರಿಚಯ ಆ ಕಾಲಕ್ಕಿತ್ತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಶಾಸ್ತ್ರಕ್ಕೂ ಗೌರವವಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಅವರು ಸರಿಯಾಗಿ ಕಂಡಿದ್ದರು. ಕುರುವಿಗೆ ದೇಹವು ಸಿಡಿದೇಳುತ್ತದೆ. ಅರ್ಬುದಕ್ಕೆ ಹಾಗೆ ಏಳುವುದಿಲ್ಲ.

1863ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೊ ಅವರು ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳು ಇರುವುದನ್ನು ಗುರುತಿಸಿದರು. ಕಣಗಳು ಅಲ್ಲಿಗೆ ಹೋಗಿವೆ. ಆದರೂ ಗಡ್ಡೆ ಬೆಳೆಯುತ್ತಿದೆ. ಏಕೆ? 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಅವರು, ಚರ್ಮಕ್ಕೆ ತೀವ್ರ ಸೋಂಕು ತಗುಲಿದ ರೋಗಿಯೊಬ್ಬರ ಗಡ್ಡೆ ತಾನಾಗಿ ಕರಗಿದ ದಾಖಲೆಯನ್ನು ಓದಿ, ಗಡ್ಡೆಯೊಳಗೆ ಬ್ಯಾಕ್ಟೀರಿಯಾಗಳನ್ನು ಚುಚ್ಚುವ ಸಾಹಸ ಮಾಡಿದರು. ಕೆಲವರ ಗಡ್ಡೆ ಕರಗಿತು, ಹಲವರದು ಕರಗಲಿಲ್ಲ, ಸೋಂಕಿನಿಂದಲೇ ಸತ್ತವರೂ ಇದ್ದರು. ದೇಹವನ್ನು ಎಚ್ಚರಿಸಿದರೆ ಗಡ್ಡೆ ಕರಗಬಹುದು. ಕಣ್ಣುಮುಚ್ಚಿ ಎಚ್ಚರಿಸಿದರೆ ಅಪಾಯ. ಈ ಪಾಠ ಇಂದಿಗೂ ಹಳತಾಗಿಲ್ಲ.

ಟಿ ಕೋಶದ ತಡೆ

ಟಿ ಕೋಶ ಕೊಲ್ಲಬಲ್ಲ ಕೋಶವಾದ್ದರಿಂದ ನಿಸರ್ಗವು ಅದಕ್ಕೆ ತಡೆಗಳನ್ನೂ ಇಟ್ಟಿದೆ. ತಡೆಯಿಲ್ಲದ ಬಂಡಿ ಇಳಿಜಾರಿನಲ್ಲಿ ತನ್ನವರನ್ನೇ ತುಳಿಯುತ್ತದೆ. ಸೋಂಕು ಮುಗಿದ ಮೇಲೆ ಟಿ ಕೋಶಗಳು ನಿಲ್ಲದಿದ್ದರೆ ನಮ್ಮದೇ ಶ್ವಾಸಕೋಶ, ಕರುಳು, ಯಕೃತ್ತುಗಳನ್ನು ಅವು ಕೊರೆಯತೊಡಗುತ್ತವೆ.

ಇಂತಹ ತಡೆಗಳಲ್ಲಿ ಒಂದರ ಹೆಸರು ಸಿಟಿಎಲ್‌ಎ-4. ಅದನ್ನು ಸಡಿಲಿಸಿದರೆ ಗಡ್ಡೆ ಕರಗಬಹುದೆಂದು ಅಮೆರಿಕದ ಜೇಮ್ಸ್ ಅಲಿಸನ್ ತೋರಿಸಿದರು. ಇನ್ನೊಂದು ತಡೆ ಪಿಡಿ-1. ಅದನ್ನು 1992ರಲ್ಲಿ ಕಂಡುಹಿಡಿದವರು ಜಪಾನಿನ ತಸುಕು ಹೊಂಜೊ ಮತ್ತು ಅವರ ಸಂಗಡಿಗರು. ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಹೊದ್ದು ಟಿ ಕೋಶದ ಪಿಡಿ-1 ತಡೆಯನ್ನು ತಾವೇ ಒತ್ತಿಹಿಡಿಯುತ್ತವೆ. ಎದುರಿಗೆ ಬಂದ ಟಿ ಕೋಶ ಕೈಕಟ್ಟಿ ನಿಂತುಬಿಡುತ್ತದೆ. ಈ ಎರಡು ತಡೆಗಳನ್ನು ಸಡಿಲಿಸುವ ಪ್ರತಿಕಾಯಗಳೇ ಇಂದಿನ ಇಮ್ಯುನೊಥೆರಪಿಯ ಪ್ರಮುಖ ಔಷಧಗಳಾದ ಇಪಿಲಿಮುಮ್ಯಾಬ್, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದವು. ಮೊದಲನೆಯದಕ್ಕೆ 2011ರಲ್ಲಿ, ಉಳಿದೆರಡಕ್ಕೆ 2014ರಲ್ಲಿ ಅನುಮತಿ ದೊರೆಯಿತು. ಅಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಯಕೃತ್ತಿಗೂ ಮಿದುಳಿಗೂ ಹರಡಿತ್ತು. ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಪೆಂಬ್ರೊಲಿಜುಮ್ಯಾಬ್ ಚಿಕಿತ್ಸೆಯ ಬಳಿಕ ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾನ್ಸರಿನ ಕುರುಹು ಕಾಣುತ್ತಿಲ್ಲವೆಂದು ಅವರು ಪ್ರಕಟಿಸಿದರು. ನೂರು ವರ್ಷ ತುಂಬಿದ ಮೇಲೆ, 2024ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಇಂತಹ ಉದಾಹರಣೆಗಳು ಕಟ್ಟುಕತೆಯಲ್ಲ. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. ಎಷ್ಟೋ ಬಗೆಯ ಕ್ಯಾನ್ಸರುಗಳಲ್ಲಿ ಈ ಔಷಧವೊಂದರಿಂದಲೇ ಗಡ್ಡೆ ಕುಗ್ಗುವುದು ಕಡಿಮೆ ಜನರಲ್ಲಿ, ಕುಗ್ಗದವರೇ ಹೆಚ್ಚು.

ಬೇಲಿಯೇ ಹೊಲ ಮೇಯ್ದಾಗ

ಚಿಕಿತ್ಸೆ ಸೋಲುವುದಕ್ಕೆ ಕೆಲವು ಕಾರಣಗಳು ಕ್ಯಾನ್ಸರ್ ಕೋಶದಲ್ಲಿಯೇ ಇರುತ್ತವೆ. ಟಿ ಕೋಶಕ್ಕೆ ತನ್ನ ಗುರುತು ಸಿಗದಂತೆ ಅದು ಮೇಲ್ಮೈಯ ಗುರುತಿನ ಪ್ರೋಟೀನುಗಳನ್ನೇ ಕಳಚಿಹಾಕಬಹುದು. ಮೊದಲು ಔಷಧಕ್ಕೆ ಮಣಿದು, ತಿಂಗಳುಗಳ ಅನಂತರ ಮತ್ತೆ ತಲೆಯೆತ್ತುವ ಕ್ಯಾನ್ಸರುಗಳಲ್ಲಿ ಇಂತಹ ಬದಲಾವಣೆ ಕಂಡುಬಂದಿದೆ. ಕೆಲವು ಗಡ್ಡೆಗಳೊಳಗೆ ಟಿ ಕೋಶಗಳು ಹೊಕ್ಕೇ ಇರುವುದಿಲ್ಲ. ಬಂಡಿಯೇ ಇಲ್ಲದಲ್ಲಿ ತಡೆ ಸಡಿಲಿಸಿ ಪ್ರಯೋಜನವೇನು?

ಇನ್ನು ಕೆಲವು ಕಾರಣಗಳು ನಮ್ಮ ಬಿಳಿ ರಕ್ತಕಣಗಳಲ್ಲಿಯೇ ಇವೆ. ನಮ್ಮ ಹಿರಿಯರು ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಿದ್ದುದು ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ.

ಮ್ಯಾಕ್ರೊಫೇಜ್‌ಗಳ ಎರಡನೆಯ ಕಾಯಕವನ್ನು ನೆನಪಿಸಿಕೊಳ್ಳೋಣ. ಗಾಯ ಮಾಯುವಾಗ ಅವು ಹೊಸ ರಕ್ತನಾಳಗಳನ್ನು ಕರೆತರುತ್ತವೆ, ಸುತ್ತಲಿನ ಅಂಗಾಂಶವನ್ನು ಸಡಿಲಿಸಿ ಹೊಸ ಕೋಶಗಳಿಗೆ ದಾರಿ ಮಾಡುತ್ತವೆ, ಉರಿಯೂತ ಶಮನವಾಗಲೆಂದು ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಕ್ಯಾನ್ಸರ್ ಗಡ್ಡೆ ಎಂದೂ ಮಾಯದ ಗಾಯದಂತೆ ವರ್ತಿಸುತ್ತ ಈ ಸೇವೆಯನ್ನೆಲ್ಲ ತನಗಾಗಿ ಮಾಡಿಸಿಕೊಳ್ಳುತ್ತದೆ. ರಕ್ತನಾಳ ಅದಕ್ಕೆ ಅನ್ನ ತರುತ್ತದೆ. ಸಡಿಲಾದ ಅಂಗಾಂಶ ಅದು ಹರಡಲು ದಾರಿಯಾಗುತ್ತದೆ.

ನ್ಯೂಟ್ರೊಫಿಲ್‌ಗಳ ಕತೆಯೂ ಹೀಗೆಯೇ. ಗಡ್ಡೆಯು ತಾನು ಸ್ರವಿಸುವ ರಾಸಾಯನಿಕಗಳ ಮೂಲಕ ಮಜ್ಜೆಗೆ ಅವಸರದ ಕರೆ ಕಳಿಸುತ್ತದೆ. ಮಜ್ಜೆ ಇನ್ನೂ ಬಲಿಯದ ಕಣಗಳನ್ನೇ ರಕ್ತಕ್ಕೆ ಬಿಡುತ್ತದೆ. ಈ ಎಳೆಯ ಕಣಗಳಲ್ಲಿ ಅನೇಕವು ಗಡ್ಡೆಯನ್ನು ಸೇರಿ, ಟಿ ಕೋಶಗಳಿಗೆ ಬೇಕಾದ ಪೋಷಕಾಂಶಗಳನ್ನು ಕಸಿದು ಅವನ್ನು ನಿಷ್ಕ್ರಿಯಗೊಳಿಸುತ್ತವೆ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಒಟ್ಟು ಸಂಖ್ಯೆ ಮಾತ್ರ ಹೆಚ್ಚಿದಂತೆ ಕಾಣುತ್ತದೆ.

ಟಿ ಕೋಶಗಳಲ್ಲಿಯೂ ಒಂದು ಪಂಗಡ ತನ್ನವರನ್ನೇ ಶಾಂತಗೊಳಿಸುವ ಕೆಲಸ ಮಾಡುತ್ತದೆ. ಅವುಗಳಿಗೆ ನಿಯಂತ್ರಕ ಟಿ ಕೋಶಗಳೆಂದು ಹೆಸರು. ಜಪಾನಿನ ಶಿಮೊನ್ ಸಕಾಗುಚಿ ಅವರು 1995ರಲ್ಲಿ ಇವನ್ನು ಗುರುತಿಸಿದರು. ಈ ವಿಷಯದ ಸಂಶೋಧನೆಗೆ 2025ರ ನೊಬೆಲ್ ಪ್ರಶಸ್ತಿಯನ್ನು ಅವರು ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಹಂಚಿಕೊಂಡರು. ಇವು ಇಲ್ಲದಿದ್ದರೆ ಶರೀರ ತನ್ನನ್ನೇ ತಿನ್ನುತ್ತದೆ. ಗಡ್ಡೆಯೊಳಗೆ ಇವು ಕಿಕ್ಕಿರಿದರೆ ಕೊಲ್ಲುವ ಟಿ ಕೋಶಗಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ಬಹುಕಾಲ ಹೋರಾಡಿದ ಟಿ ಕೋಶಗಳು ದಣಿದು, ಔಷಧ ಕೊಟ್ಟರೂ ಚೇತರಿಸದ ಸ್ಥಿತಿಗೆ ತಲಪುವುದೂ ಉಂಟು.

ಈಗ ಆ ಯುವಕರ ಪ್ರಶ್ನೆಗೆ ಬರೋಣ. ಅವರ ತಂದೆಯ ಹದಿನಾಲ್ಕು ಸಾವಿರ ಕಣಗಳಲ್ಲಿ ನೂರಕ್ಕೆ 82 ನ್ಯೂಟ್ರೊಫಿಲ್, 9 ಲಿಂಫೋಸೈಟ್ ಇದ್ದವು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂಬತ್ತು. ಆರೋಗ್ಯವಂತರಲ್ಲಿ ಈ ಭಾಗಲಬ್ಧ ಸಾಮಾನ್ಯವಾಗಿ ಒಂದರಿಂದ ಮೂರರೊಳಗೆ ಇರುತ್ತದೆ. ಇಮ್ಯುನೊಥೆರಪಿಗೆ ಮೊದಲೇ ಇದು ಹೆಚ್ಚಾಗಿರುವವರಲ್ಲಿ ಚಿಕಿತ್ಸೆಯ ಫಲ ಕಡಿಮೆಯೆಂದು ಅನೇಕ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಆ ಏರಿಕೆ ಹರ್ಷಪಡುವ ಸಂಗತಿಯಾಗಿರಲಿಲ್ಲ. ಹಾಗೆಂದು ಓದುಗರು ತಮ್ಮ ಹಾಳೆಯನ್ನು ತೆಗೆದು ತಾವೇ ಭಾಗಿಸಿ ಭಯಪಡಬಾರದು. ಹಲ್ಲಿನ ಕೀವು, ಶ್ವಾಸಕೋಶದ ಸೋಂಕು, ಸ್ಟಿರಾಯ್ಡ್ ಮಾತ್ರೆ ಇವೆಲ್ಲವೂ ಈ ಸಂಖ್ಯೆಯನ್ನು ಏರಿಸುತ್ತವೆ. ಅದನ್ನು ರೋಗಿಯ ಒಟ್ಟು ಸ್ಥಿತಿಯೊಡನೆ ಇಟ್ಟು ನೋಡುವ ಕೆಲಸ ಚಿಕಿತ್ಸೆ ನೀಡುವ ವೈದ್ಯರದು.

ನಮ್ಮ ದೇಶದ ಪ್ರಯತ್ನ

ತಂಬಾಕು, ಗುಟ್ಕಾ, ಅಡಿಕೆಗಳ ಚಟದಿಂದಾಗಿ ಬಾಯಿಯ ಕ್ಯಾನ್ಸರ್ ನಮ್ಮಲ್ಲಿ ಬಹಳ. ಇಮ್ಯುನೊಥೆರಪಿಯ ಬೆಲೆಯೋ ಸಾಮಾನ್ಯ ಕುಟುಂಬದ ಕೈಗೆಟುಕುವಂತಹುದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇದಕ್ಕೆ ಒಂದು ದಾರಿ ಹುಡುಕಿದರು. ತಲೆ ಮತ್ತು ಕುತ್ತಿಗೆಯ ಭಾಗದ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಡಿಮೆ ಪ್ರಮಾಣದ ಮಾತ್ರೆಗಳನ್ನು ಮಾತ್ರ ಕೊಟ್ಟರು. ಉಳಿದವರಿಗೆ ಅದರೊಡನೆ ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಈ ಔಷಧದ ರೂಢಿಯ ಪ್ರಮಾಣ ಎರಡು ವಾರಗಳಿಗೊಮ್ಮೆ 240 ಮಿಲಿಗ್ರಾಂ. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಅನಂತರ ಬದುಕುಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 16.3, ಎರಡನೆಯ ಗುಂಪಿನಲ್ಲಿ 43.4.

ಇದು ದೊಡ್ಡ ಗೆಲುವು. ಆದರೂ ಎರಡನೆಯ ಗುಂಪಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ತೀರಿಕೊಂಡರೆಂಬುದನ್ನು ಮರೆಮಾಚಬಾರದು. ಮೇಲೆ ಹೇಳಿದ ಪ್ರತಿರೋಧ ಎಂಬುದು ಪುಸ್ತಕದ ಪದವಲ್ಲ. ಅದು ಮನೆಮನೆಯ ದುಃಖ.

ಇನ್ನೊಂದು ಮಾರ್ಗದಲ್ಲಿ ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಹೊಸ ಗ್ರಾಹಕವನ್ನು ಅವುಗಳಿಗೆ ಜೋಡಿಸಿ ಮರಳಿ ಕೊಡುತ್ತಾರೆ. ಇದಕ್ಕೆ ಕಾರ್-ಟಿ ಚಿಕಿತ್ಸೆಯೆಂದು ಹೆಸರು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್19 ಎಂಬ ದೇಶೀಯ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬಿ ಕೋಶಗಳಿಂದ ಹುಟ್ಟುವ ಕೆಲವು ರಕ್ತದ ಕ್ಯಾನ್ಸರುಗಳಿಗೆ ಇದು ಮೀಸಲು. ಗಟ್ಟಿ ಗಡ್ಡೆಗಳಲ್ಲಿ ಇಂತಹ ಟಿ ಕೋಶಗಳಿಗೂ ಅದೇ ಮ್ಯಾಕ್ರೊಫೇಜ್‌ಗಳು, ಅದೇ ಎಳೆಯ ಕಣಗಳು ಅಡ್ಡಿಯಾಗುತ್ತಿವೆ.

ಕಷಾಯದ ಪ್ರಶ್ನೆ

ತಡೆ ಸಡಿಲಿಸಿದ ಟಿ ಕೋಶಗಳು ಕೆಲವರಲ್ಲಿ ಸ್ವಂತ ಅಂಗಗಳ ಮೇಲೆಯೇ ಎರಗುತ್ತವೆ. ಯಕೃತ್ತಿನ ಉರಿಯೂತ, ನಿಲ್ಲದ ಭೇದಿ, ಕೆಮ್ಮು ಮತ್ತು ಏದುಸಿರು, ಥೈರಾಯ್ಡಿನ ಏರುಪೇರು, ಅಪರೂಪಕ್ಕೆ ಹೃದಯದ ಸ್ನಾಯುವಿನ ಉರಿಯೂತ ಇವು ಇಮ್ಯುನೊಥೆರಪಿಯ ಪರಿಚಿತ ಅಡ್ಡಪರಿಣಾಮಗಳು. ಇಂತಹ ಸಮಯದಲ್ಲಿ, ಪ್ರತಿರೋಧದ ಕಣಗಳನ್ನು ಕೆರಳಿಸಬಲ್ಲ ಗಿಡಮೂಲಿಕೆಯನ್ನು ಮೇಲಿನಿಂದ ಕೊಟ್ಟರೆ ಏನಾಗುವುದು?

ಅಮೃತಬಳ್ಳಿ ನಮ್ಮ ಶಾಸ್ತ್ರದ ಶ್ರೇಷ್ಠ ರಸಾಯನಗಳಲ್ಲೊಂದು. ನಾವು ಇಂದಿಗೂ ಯೋಗ್ಯ ರೋಗಿಗೆ ಕೊಡುತ್ತೇವೆ. ಆದರೆ 2021ರಲ್ಲಿ ಮುಂಬಯಿಯ ವೈದ್ಯರು, ಮರುವರ್ಷ ದೇಶದ ಹಲವು ಆಸ್ಪತ್ರೆಗಳ ಯಕೃತ್ ತಜ್ಞರು, ಅದರ ಸೇವನೆಯ ಬಳಿಕ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಅವರಲ್ಲಿ ಅನೇಕರ ಹಾನಿಯು ದೇಹದ ಪ್ರತಿರೋಧ ಶಕ್ತಿಯೇ ಯಕೃತ್ತಿನ ಮೇಲೆ ಎರಗಿದ ಬಗೆಯದಾಗಿತ್ತು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ನೋಟದಲ್ಲಿ ಹೋಲುವ ಬೇರೆ ಜಾತಿಯ ಬಳ್ಳಿಯ ಸಾಧ್ಯತೆಯನ್ನು ಎತ್ತಿ ತೋರಿಸಿತು. ವಾದ ಏನೇ ಇರಲಿ, ಇಮ್ಯುನೊಥೆರಪಿ ಪಡೆಯುತ್ತಿರುವವರಿಗೆ ಅದನ್ನು ವೈದ್ಯರಿಗೆ ತಿಳಿಸದೆ ಕೊಡಬಾರದೆಂಬುದು ನಮ್ಮ ದೃಢ ಅಭಿಪ್ರಾಯ.

ಚರಕಾಚಾರ್ಯರು ಬಲವನ್ನು ಸಹಜ, ಕಾಲಜ, ಯುಕ್ತಿಕೃತ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಔಷಧ, ಆಹಾರಗಳಿಂದ ನಾವು ತಂದುಕೊಡಬಹುದಾದದ್ದು ಮೂರನೆಯದನ್ನು ಮಾತ್ರ; ಅದರ ಹೆಸರಿನಲ್ಲಿಯೇ ಯುಕ್ತಿ ಇದೆ. ರೋಗಿ, ಕಾಲ, ಪ್ರಮಾಣ, ಜೊತೆಗಿರುವ ಚಿಕಿತ್ಸೆ ಇವನ್ನೆಲ್ಲ ನೋಡಿ ಯೋಜಿಸಿದ್ದು ಯುಕ್ತಿ. ನಾಲ್ಕು ವರ್ಷ ಹಳೆಯ ಚೀಟಿಯಲ್ಲಿ ಆ ಯುಕ್ತಿ ಇರಲಿಲ್ಲ.

ಅಂದೇ ನಾವು ಆಸ್ಪತ್ರೆಗೆ ದೂರವಾಣಿ ಮಾಡಿ ನಡೆದುದನ್ನು ತಿಳಿಸಿದೆವು. ಕಷಾಯವೂ ನಿಂತಿತು, ಇಮ್ಯುನೊಥೆರಪಿಯೂ ನಿಂತಿತು, ಸ್ಟಿರಾಯ್ಡ್ ಆರಂಭಿಸಿದರು. ಯಕೃತ್ತು ಸರಿಹೋಗಲು ಆರು ವಾರ ಹಿಡಿಯಿತು. ಹಾನಿ ಔಷಧದಿಂದಾಯಿತೋ ಕಷಾಯದಿಂದಾಯಿತೋ ಎಂಬುದನ್ನು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗಲಿಲ್ಲ. ಕಷಾಯವಿಲ್ಲದಿದ್ದರೆ ವೈದ್ಯರಿಗೆ ಆ ಗೊಂದಲವೇ ಇರುತ್ತಿರಲಿಲ್ಲ. ಆ ಹಿರಿಯರು ಮುಂದೆ ಒಂಬತ್ತು ತಿಂಗಳು ಬದುಕಿದ್ದರು. ಮಗ ಈಗಲೂ ಮಠಕ್ಕೆ ಬಂದಾಗ ನಮ್ಮನ್ನು ಕಂಡು ಹೋಗುತ್ತಾರೆ. ಒಂದು ಮಾತನ್ನೂ ನಮ್ಮ ಮೇಲೆ ಹೊರಿಸಿಲ್ಲ.

ಭಕ್ತರಲ್ಲಿ ವಿನಂತಿ

ಮನೆಯಲ್ಲಿ ಯಾರಿಗಾದರೂ ಇಮ್ಯುನೊಥೆರಪಿ ನಡೆಯುತ್ತಿದ್ದರೆ ಈ ಕೆಲವು ಮಾತುಗಳನ್ನು ದಯವಿಟ್ಟು ಪಾಲಿಸಬೇಕು.

1. ಸೇವಿಸುತ್ತಿರುವ ಕಷಾಯ, ಚೂರ್ಣ, ಲೇಹ್ಯ, ಮಾತ್ರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಕ್ಯಾನ್ಸರ್ ವೈದ್ಯರ ಮುಂದಿಡಿ. ಗದರಿಸಿಯಾರೆಂಬ ಸಂಕೋಚ ಬೇಡ. ಆಯುರ್ವೇದ ವೈದ್ಯರಿಗೂ ನಡೆಯುತ್ತಿರುವ ಚಿಕಿತ್ಸೆಯನ್ನು ತಿಳಿಸಿ.

2. ಕೀಲುನೋವಿಗೆಂದು ಹೆಸರಿಲ್ಲದ ಪುಡಿಗಳನ್ನು ಕೊಳ್ಳಬೇಡಿ. ಅಂತಹ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅದು ಟಿ ಕೋಶಗಳನ್ನು ಕುಗ್ಗಿಸುತ್ತದೆ. ಆದರೆ ಅಡ್ಡಪರಿಣಾಮಕ್ಕೆಂದು ಆಸ್ಪತ್ರೆಯವರೇ ಕೊಟ್ಟ ಸ್ಟಿರಾಯ್ಡನ್ನು ನಡುವೆ ನಿಲ್ಲಿಸಬೇಡಿ.

3. ಅಂಗಡಿಯಿಂದ ನೀವೇ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾದವರಲ್ಲಿ ಇಮ್ಯುನೊಥೆರಪಿಯ ಫಲ ಕುಗ್ಗುವುದು ಕಂಡುಬಂದಿದೆ. ಸೋಂಕಿಗೆ ವೈದ್ಯರು ಬರೆದದ್ದನ್ನು ಮಾತ್ರ ತಪ್ಪದೆ ತೆಗೆದುಕೊಳ್ಳಿ.

4. ನಾರಿನಂಶವುಳ್ಳ ಆಹಾರ ಆ ಸೂಕ್ಷ್ಮಜೀವಿಗಳಿಗೆ ಹಿತ. ಜೀರ್ಣಶಕ್ತಿ ಇದ್ದಷ್ಟು ಜೋಳದ ರೊಟ್ಟಿ, ಹೆಸರುಕಾಳು, ಬೇಯಿಸಿದ ಸೊಪ್ಪು ಸಾಕು. ಬಾಯಿ ಹುಣ್ಣಾಗಿದ್ದರೆ ಗಂಜಿಯಾಗಿಸಿ ಕೊಡಿ.

5. ಹೊಸ ಕೆಮ್ಮು, ಏದುಸಿರು, ದಿನಕ್ಕೆ ನಾಲ್ಕೈದು ಬಾರಿ ಭೇದಿ, ಕಣ್ಣು ಹಳದಿಯಾಗುವುದು, ಎದೆನೋವು, ಅತಿಯಾದ ಬಾಯಾರಿಕೆ ಕಂಡರೆ ಅಂದೇ ಆಸ್ಪತ್ರೆಗೆ ತಿಳಿಸಿ. ಕೀಮೋಥೆರಪಿಯೂ ನಡೆಯುತ್ತಿದ್ದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ತುರ್ತುಸ್ಥಿತಿ. ಆಗ ನ್ಯೂಟ್ರೊಫಿಲ್‌ಗಳು ತೀರ ಕುಸಿದಿರಬಹುದು, ಬೆಳಗಾಗಲೆಂದು ಕಾಯಬಾರದು.

6. ತಂಬಾಕು, ಗುಟ್ಕಾ, ಅಡಿಕೆಗಳನ್ನು ರೋಗಿಯೂ ಬಿಡಬೇಕು. ಅವರೊಡನೆ ಮನೆಯವರೂ ಬಿಡಬೇಕು.

ಈಗ ನಾವು ಬರೆಯುವ ಪ್ರತಿಯೊಂದು ಚೀಟಿಯಲ್ಲಿ ಔಷಧವನ್ನು ನಿಲ್ಲಿಸಬೇಕಾದ ದಿನಾಂಕವನ್ನೂ ಬರೆಯುತ್ತೇವೆ. ‘ರೋಗನಿರೋಧಕ ಶಕ್ತಿ ಹೆಚ್ಚಲು’ ಎಂಬ ಮಾತನ್ನು ಬರೆಯುವುದನ್ನು ಬಿಟ್ಟಿದ್ದೇವೆ. ನಮ್ಮ ಕೈಬರಹದ ಹಳೆಯ ಚೀಟಿಗಳು ಯಾರ ಮನೆಯಲ್ಲಾದರೂ ಇದ್ದರೆ, ಅವನ್ನು ಮತ್ತೆ ಬಳಸುವ ಮೊದಲು ಒಮ್ಮೆ ತಂದು ತೋರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.